ಎರಡು ಸಲ ಬಡಿದ ಬಾಗಿಲು

ಅನಘಾ, ನಿಮ್ಮಪ್ಪನ ಬಲಗೈ ಮುರಿದದ್ದು ಗಾಳಿಯಿಂದಲ್ಲ. ಆ ಕಬ್ಬಿಣದ ಬಾಗಿಲನ್ನು ಅವರ ಕೈಯ ಮೇಲೆ ಬಡಿದವನು ನಾನು. ಒಂದು ಸಲವಲ್ಲ — ಎರಡು ಸಲ.

ಇದನ್ನು ಮೊದಲೇ ಬರೆದುಬಿಟ್ಟೆ. ಕೊನೆಗೆ ಬರೆಯೋಣ ಎಂದು ಇಟ್ಟುಕೊಂಡರೆ ಅಲ್ಲಿಗೆ ತಲುಪುವಷ್ಟರಲ್ಲಿ ಬೇರೆ ಏನನ್ನಾದರೂ ಬರೆದಿರುತ್ತೇನೆ, ನನ್ನನ್ನು ನಾನು ಬಲ್ಲೆ. ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ಒಂದು ಸಾಲು ಮುಗಿಯುವುದರೊಳಗೆ ಮನಸ್ಸು ಹತ್ತು ನೆಪ ಹುಡುಕಿಕೊಂಡು ಬರುತ್ತದೆ.

ನೀನು ಕೇಳಿದ್ದು ಒಂದು ಪುಟ. ಹೋದ ವಾರ ಫೋನ್ ಮಾಡಿ ಹೇಳಿದೆ: “ಮಂಜು ಅಂಕಲ್, ಅಪ್ಪಂಗೆ ಸೆವೆಂಟಿ ಆಗ್ತಿದೆ. ಒಂದು ಬುಕ್ ಮಾಡ್ತಿದೀವಿ, ಲೈಕ್, ಎವ್ರಿವನ್ ರೈಟ್ಸ್ ಸಮ್‌ಥಿಂಗ್. ನೀವು ಅಪ್ಪನ ಕೈ ಬಗ್ಗೆ ಬರೀರಿ. ಹೌ ಹಿ ಫಿಕ್ಸ್ಡ್ ಥಿಂಗ್ಸ್. ಕನ್ನಡದಲ್ಲೇ ಬರೀರಿ.” ಆಮೇಲೆ ಫೋನ್ ಇಡುವ ಮೊದಲು ಇನ್ನೊಂದು ಮಾತು: “ಅವತ್ತು ನೀವು ಹಾಸ್ಪಿಟಲ್‌ಗೆ ಡ್ರೈವ್ ಮಾಡಿದ್ದು ಕೂಡ ಬರೀರಿ ಅಂಕಲ್. ಅಮ್ಮ ಆಲ್ವೇಸ್ ಹೇಳ್ತಾರೆ.”

ನಿಮ್ಮಮ್ಮ ಲೀಲಕ್ಕ ಇಷ್ಟು ವರ್ಷ ಅದನ್ನೇ ಹೇಳುತ್ತ ಬಂದಿದ್ದಾರೆ. ನಾನು ಇಷ್ಟು ವರ್ಷ ಅದನ್ನು ಕೇಳಿಸಿಕೊಂಡು ತಲೆಯಾಡಿಸುತ್ತ ಬಂದಿದ್ದೇನೆ.

ನಾನು ಗೌರಿಬಿದನೂರಿನವನು. ಹತ್ತನೇ ತರಗತಿ ಪಾಸಾಗುವಾಗ ನನಗೆ ಇಪ್ಪತ್ತೊಂಬತ್ತು. ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ, ಮದುವೆಯ ಫೋಟೋ ತೆಗೆಯುತ್ತಿದ್ದೆ, ಕೆಟ್ಟ ಕ್ಯಾಮೆರಾ ಬಿಚ್ಚುತ್ತಿದ್ದೆ. ಹೆಂಡತಿ ಸುಜಾತಾಗೆ ಅಟ್ಲಾಂಟಾದಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಅವಳ ಹಿಂದೆ ಬಂದೆ. ಇಲ್ಲಿ ಕನ್ನಡದವರು ಸೇರಿದ ಕಡೆ ಎಲ್ಲರೂ ಒಂದೇ ಕೇಳುತ್ತಿದ್ದರು — ಯಾವ ಕಂಪನಿ, ಯಾವ ಪ್ರಾಜೆಕ್ಟ್? ನಿಮ್ಮಪ್ಪ ಒಬ್ಬರೇ ಊಟದ ಸಾಲಿನಲ್ಲಿ ನನ್ನ ಬೆರಳುಗಳನ್ನು ನೋಡಿ ಕೇಳಿದರು, “ಉಗುರು ಇಷ್ಟು ಗಿಡ್ಡಕ್ಕೆ ಕತ್ತರಿಸಿದ್ದೀಯ. ಸ್ಕ್ರೂಡ್ರೈವರ್ ಹಿಡೀತೀಯೇನೋ?” ಮುಂದಿನ ಸೋಮವಾರ ಅಟ್ಲಾಂಟಾ ಹತ್ತಿರದ ಸುವಾನಿಯಲ್ಲಿ ಗ್ಲೆನ್‌ನ ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ಅವರ ಪಕ್ಕದ ಮೇಜು ನನ್ನದಾಯಿತು.

ನಿನಗೆ ಗೊತ್ತಲ್ಲ, ನಾವು ರಿಪೇರಿ ಮಾಡುತ್ತಿದ್ದದ್ದು ಒಂದೇ ಕಂಪನಿಯ ಕ್ಯಾಮೆರಾ. ಯುರೋಪಿನ ಕಂಪನಿ, ಹೆಸರು ಬೇಡ. ಹಿತ್ತಾಳೆಯ ಮೈ, ಕೈಯಲ್ಲಿ ಹಿಡಿದರೆ ಸಣ್ಣ ಕಲ್ಲಿನಷ್ಟು ಭಾರ. ಕೊಂಡವರು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಲೋಕವೆಲ್ಲ ಡಿಜಿಟಲ್‌ಗೆ ಹೋದಾಗ ಈ ಕಂಪನಿ ಹೋಗಲಿಲ್ಲ. “ಡಿಜಿಟಲ್ ಅನ್ನೋದು ಜ್ವರ, ನಾಲ್ಕು ದಿನಕ್ಕೆ ಇಳಿಯುತ್ತೆ ಅಂದ್ಕೊಂಡ್ರು. ಇಳೀಲಿಲ್ಲ, ಇವರೇ ಮಲಗಿದ್ರು,” ಎಂದು ನಿಮ್ಮಪ್ಪ ನಗುತ್ತಿದ್ದರು. ಕೊನೆಗೆ ಅದೇ ಹಿತ್ತಾಳೆಯ ಮೈಯೊಳಗೆ ಫಿಲ್ಮಿನ ಜಾಗದಲ್ಲಿ ಸೆನ್ಸರ್ ತುರುಕಿ ಕಳಿಸಿದರು. ಆದರೆ ಫೋಕಸ್ ಸರಿಮಾಡುವ ಯಂತ್ರ ಹಳೆಯದೇ, ಸ್ಕ್ರೂ ತಿರುಗಿಸಿ ಕಣ್ಣಿನಲ್ಲಿ ನೋಡಿ ಮಾಡುವಂಥದ್ದು. ಫಿಲ್ಮಿನಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಕಾಣುತ್ತಿರಲಿಲ್ಲ. ಸೆನ್ಸರಿನಲ್ಲಿ ತಪ್ಪಿದರೆ ಜನ ಕಂಪ್ಯೂಟರಿನಲ್ಲಿ ಹಿಗ್ಗಿಸಿ, ರೆಪ್ಪೆ ಮಸುಕಾಗಿದೆ ಎಂದು ವಾಪಸು ಕಳಿಸುತ್ತಿದ್ದರು.

ಆ ಫೋಕಸ್ಸಿನ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ಹತ್ತಿರದ ದೂರಕ್ಕೆ ಸರಿಮಾಡಿದರೆ ದೂರದ್ದು ಕೆಡುತ್ತದೆ, ದೂರದ್ದು ಸರಿಮಾಡಿದರೆ ಹತ್ತಿರದ್ದು. ಹಾಗಾಗಿ ನಿಮ್ಮಪ್ಪ ಮೇಜಿನ ಮೇಲೆ ಅಳತೆಪಟ್ಟಿ ಇಟ್ಟು ಹತ್ತಿರದ್ದು ನೋಡುತ್ತಿದ್ದರು. ಆಮೇಲೆ ಹಿಂಬಾಗಿಲಿನಿಂದ ಪಾರ್ಕಿಂಗ್ ಲಾಟಿಗೆ ಹೋಗಿ ಮರಗಳಾಚೆ ಕಾಣುವ ನೀರಿನ ಟ್ಯಾಂಕನ್ನು ನೋಡುತ್ತಿದ್ದರು. ಮತ್ತೆ ಒಳಗೆ, ಮತ್ತೆ ಹೊರಗೆ. ಒಂದು ಕ್ಯಾಮೆರಾಗೆ ಎಂಟು ಹತ್ತು ಸಲ. ಚಳಿಯಿದ್ದರೂ ಅಷ್ಟೇ, ಬಿಸಿಲಿದ್ದರೂ ಅಷ್ಟೇ. ಕೆಲಸ ಮುಗಿದ ಮೇಲೆ ಮೇಲಿನ ಮುಚ್ಚಳದ ಒಳಗಡೆ, ಯಾರಿಗೂ ಕಾಣದ ಕಡೆ, ಸೂಜಿಯಲ್ಲಿ ತಮ್ಮ ಗುರುತು ಮತ್ತು ತಾರೀಖು ಗೀಚುತ್ತಿದ್ದರು. ಅವರದು ‘ಶ್ರೀ’. ನನಗೆ ‘ಮ’ ಕೊಟ್ಟರು. “ಇನ್ನೊಬ್ಬನ ಕೆಲಸ ಬಿಚ್ಚಿದಾಗ ಮೊದಲು ಅವನ ಹೆಸರು ಓದು, ಒಂದು ನಮಸ್ಕಾರ ಹಾಕು. ಬೈಯೋದು ಆಮೇಲೆ.” ಗ್ಲೆನ್‌ಗೆ ಕನ್ನಡ ಬಾರದಿದ್ದರೂ ಆ ಎರಡು ಆಕಾರ ಗೊತ್ತಿತ್ತು. ವಾಪಸು ಬಂದ ಕ್ಯಾಮೆರಾದ ಮುಚ್ಚಳ ತೆಗೆದು, ಗುರುತು ನೋಡಿ, ಯಾರದ್ದೋ ಅವರ ಮೇಜಿನ ಮೇಲೆ ಇಡುತ್ತಿದ್ದ.

ಕೋವಿಡ್ ಬಂದ ವರ್ಷ ಕಂಪನಿಯ ಮಾರಾಟ ಬಿತ್ತು. ಹೊಸ ಮಾಡೆಲ್ ಹೊರಟಿತು, ಇನ್ನೂ ಸೂಕ್ಷ್ಮ ಸೆನ್ಸರ್. ಜೊತೆಗೆ ಒಂದು ಪತ್ರ: ಇನ್ನು ಮುಂದೆ ಲ್ಯಾಪ್‌ಟಾಪ್ ಇಟ್ಟು ಅಳೆಯಬೇಕು, ಈ ಅಂಗಡಿಗೆ ಇನ್ನು ಒಬ್ಬನೇ ರಿಪೇರಿಯವನು. ಯಾರನ್ನು ಇಟ್ಟುಕೊಳ್ಳಬೇಕೆಂದು ವಾಪಸು ಬರುವ ಕ್ಯಾಮೆರಾಗಳನ್ನು ನೋಡಿ ವರ್ಷದ ಕೊನೆಗೆ ಹೇಳುತ್ತೇನೆ ಎಂದ ಗ್ಲೆನ್.

ಲ್ಯಾಪ್‌ಟಾಪ್ ಎಂದಾಗ ನಾನು ಗೆದ್ದೆ ಅಂದುಕೊಂಡೆ. ಅರವತ್ತು ದಾಟಿದ ನಿಮ್ಮಪ್ಪ ಮೌಸ್ ಹಿಡಿಯುವುದನ್ನು ನೋಡಿ ಒಳಗೊಳಗೇ — ಹೌದು, ನಕ್ಕೆ. ನಾನು ಪರದೆಯ ಮೇಲಿನ ಅಂಕಿ ಹಸಿರಾಗುವವರೆಗೆ ಸ್ಕ್ರೂ ತಿರುಗಿಸಿ ಮುಚ್ಚಳ ಹಾಕುತ್ತಿದ್ದೆ. ಪಾರ್ಕಿಂಗ್ ಲಾಟಿಗೆ ಹೋಗುವುದನ್ನೇ ಬಿಟ್ಟೆ. ನೀರಿನ ಟ್ಯಾಂಕು ಇನ್ನು ಯಾಕೆ? ಆದರೆ ಆ ಅಂಕಿ ಹತ್ತಿರದ್ದು ಮಾತ್ರ. ದೂರದ್ದು ಕೆಟ್ಟೇ ಹೋಗುತ್ತಿತ್ತು. ನನ್ನ ಮೊದಲ ಕ್ಯಾಮೆರಾ ಮೂರೇ ವಾರದಲ್ಲಿ ವಾಪಸು ಬಂತು. ನಿಮ್ಮಪ್ಪನದು ಒಂದೂ ಬರಲಿಲ್ಲ. ಮೌಸ್ ಹಿಡಿಯಲು ಬಾರದವರು ಲ್ಯಾಪ್‌ಟಾಪಿನಲ್ಲೂ ನೋಡಿ, ಟ್ಯಾಂಕನ್ನೂ ನೋಡಿ ಬರುತ್ತಿದ್ದರು.

ಅವರನ್ನು ಕೇಳಬಹುದಿತ್ತು. ಕೇಳಿದ್ದರೆ “ಹೊರಗೆ ಹೋಗೋ ಸೋಮಾರಿ” ಎಂದು ಬೈದು ಹೇಳಿಕೊಡುತ್ತಿದ್ದರು. ನಾನು ಕೇಳಲಿಲ್ಲ. ಅನುಮಾನ ಬಂದ ಕ್ಯಾಮೆರಾದ ಮುಚ್ಚಳದಲ್ಲಿ ‘ಮ’ ಬದಲು ‘ಶ್ರೀ’ ಗೀಚಿದೆ. ಮೊದಲ ಸಲ ಸುತ್ತ ಒಮ್ಮೆ ನೋಡಿಕೊಂಡೆ. ಎರಡನೆಯ ಸಲ ನೋಡಲಿಲ್ಲ.

ಒಟ್ಟು ಏಳು. ಅವು ಒಂದೊಂದಾಗಿ ನಿಮ್ಮಪ್ಪನ ಮೇಜಿಗೆ ವಾಪಸು ಬಂದವು. ಅವರು ಮತ್ತೆ ಸರಿಮಾಡಿ ಕಳಿಸುತ್ತಿದ್ದರು. ಒಂದು ದಿನ ನನ್ನ ಹತ್ತಿರ ಬಂದು ಮೆಲ್ಲಗೆ, “ಮಂಜಾ, ನನ್ನ ಕಣ್ಣು ಹೋಗ್ತಿದೆ ಕಣೋ. ಯಾರಿಗೂ ಹೇಳ್ಬೇಡ,” ಎಂದರು. ಲೀಲಕ್ಕ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ನಿನಗೆ ನೆನಪಿರಬಹುದು. ಕಣ್ಣು ಚೆನ್ನಾಗಿದೆ ಎಂದರು ಡಾಕ್ಟರು. ನಿಮ್ಮಪ್ಪ ನಂಬಲಿಲ್ಲ, ಬೇರೆ ಕನ್ನಡಕ ಮಾಡಿಸಿಕೊಂಡರು. ಆ ಹೊಸ ಕನ್ನಡಕ ಹಾಕಿಕೊಂಡು ಮೇಜಿನ ಮೇಲೆ ಬಗ್ಗಿ ಕೂತಿರುತ್ತಿದ್ದರಲ್ಲ — ಅದನ್ನು ನೋಡಿಕೊಂಡು ನಾನು ಪಕ್ಕದಲ್ಲೇ ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದೆ.

ಏಳನೆಯ ಕ್ಯಾಮೆರಾ ಬಂದದ್ದು ಬಿರುಗಾಳಿಯ ಎಚ್ಚರಿಕೆ ಇದ್ದ ಒಂದು ಮಧ್ಯಾಹ್ನ. ಗ್ಲೆನ್ ಹಿಂದೆ ಪಾರ್ಕಿಂಗ್ ಲಾಟಿನಲ್ಲಿ ತನ್ನ ಟ್ರಕ್ಕಿಗೆ ಹೊದಿಕೆ ಕಟ್ಟುತ್ತಿದ್ದ. ನಿಮ್ಮಪ್ಪ ಕರೆದರು.

“ಮಂಜಾ, ಇಲ್ ಬಾ. ಇದು ಯಾರ ಕೈ?”

“ನಿಮ್ದೇ ಅಲ್ವಾ ಅಣ್ಣ. ಶ್ರೀ ಅಂತ ಇದೆಯಲ್ಲ.”

“ತಾರೀಖು ಓದು.”

ಓದಿದೆ.

“ಆ ವಾರ ನಾನು ಎಲ್ಲಿದ್ದೆ?”

ನಾನು ಮುಚ್ಚಳವನ್ನು ಮೇಜಿನ ಮೇಲಿಟ್ಟೆ.

“ಕೋವಿಡ್ ಬಂದು ಮನೇಲಿ ಬಿದ್ದಿದ್ದೆ ಕಣೋ. ನಿನ್ನ ಹೆಂಡ್ತೀನೇ ದಿನಾ ಬಂದು ಬಾಗಿಲಲ್ಲಿ ಸಾರು ಇಟ್ಟು ಹೋಗ್ತಿದ್ಳು. ಸಾರು ಕುಡೀತಾ ಕುಡೀತಾ ಇದನ್ನ ಬಿಚ್ಚಿದ್ನಾ ನಾನು?”

ಆಗಲೂ ಅವರ ದನಿಯಲ್ಲಿ ಅರ್ಧ ತಮಾಷೆ ಇತ್ತು, ಅನಘಾ. ಒಂದು ದಾರಿ ಬಿಟ್ಟಿದ್ದರು ನನಗೆ. ತಪ್ಪಾಯ್ತು ಎನ್ನುವ ಬದಲು ನಾನು ಹೇಳಿದ್ದು: “ವಯಸ್ಸಾಯ್ತು ಬಿಡಿ ಅಣ್ಣ, ನಿಮಗೇ ನೆನಪಿಲ್ಲ.”

ಕೆನ್ನೆಗೆ ಬಾರಿಸಿದರು. ಕಿವಿ ಗುಂಯ್ ಎಂದಿತು. “ಆರು ತಿಂಗಳು ನಾನು ಕುರುಡ ಅಂದ್ಕೊಂಡಿದ್ನಲ್ಲೋ! ನೀನು ನೋಡ್ಕೊಂಡು ಕೂತಿದ್ದೆ!”

ನಾನು ಅವರ ಕೊರಳಪಟ್ಟಿ ಹಿಡಿದು ಬಿಡಿಭಾಗಗಳ ಕಪಾಟಿಗೆ ಅಪ್ಪಳಿಸಿದೆ. ಸ್ಕ್ರೂಗಳ ತಟ್ಟೆಗಳು ಬಿದ್ದವು. ಅವರ ಹೊಸ ಕನ್ನಡಕ ಬಿತ್ತು, ಅದರ ಮೇಲೆ ನನ್ನ ಕಾಲು ಬಿತ್ತು. ಅವರು ನನ್ನ ಮುಖವನ್ನು ಕೈಯಲ್ಲಿ ತಳ್ಳಿದರು. ನಾನು ಎದೆಗೆ ಗುದ್ದಿದೆ. ಎರಡು ಸಲವೋ ಮೂರು ಸಲವೋ. ಊರಿನ ಸ್ಟುಡಿಯೋ ಮಾಲೀಕ ನನ್ನನ್ನು ಟ್ರೈಪಾಡಿನ ಕಾಲಿನಿಂದ ಹೊಡೆಯುತ್ತಿದ್ದ, ಆ ಸಿಟ್ಟೆಲ್ಲ ಅವತ್ತು — ಇಲ್ಲ, ಇದು ಇಲ್ಲಿಗೆ ಬೇಡ. ನಿಮ್ಮಪ್ಪ ನನಗೆ ಅದಕ್ಕೆ ಮೊದಲು ಒಂದು ದಿನವೂ ಹೊಡೆದವರಲ್ಲ.

ಉಸಿರು ಎಳೆದುಕೊಳ್ಳುತ್ತ ಅವರು ಎದ್ದರು. ಕ್ಯಾಮೆರಾವನ್ನೂ ಅದರ ಮುಚ್ಚಳವನ್ನೂ ಎಡಗೈಯಲ್ಲಿ ಹಿಡಿದು, “ಗ್ಲೆನ್‌ಗೆ ತೋರಿಸ್ತೀನಿ,” ಎಂದು ಹಿಂಬಾಗಿಲಿನತ್ತ ನಡೆದರು.

ಬಾಗಿಲು ಒಳಕ್ಕೆ ತೆರೆದುಕೊಳ್ಳುವಂಥದ್ದು. ಎಳೆದು ತೆರೆದರು. ಗಾಳಿ ರಭಸವಾಗಿ ಒಳಗೆ ನುಗ್ಗಿತು. ಕಾಲು ಹೊರಗಿಡಲು ಬಲಗೈಯಲ್ಲಿ ಚೌಕಟ್ಟನ್ನು ಹಿಡಿದುಕೊಂಡರು. ನಾಲ್ಕು ಬೆರಳು ಒಳಗಡೆ. ನನಗೆ ಆ ಬೆರಳುಗಳು ಕಂಡವು — ಚೆನ್ನಾಗಿ ಕಂಡವು. ನಾನು ಭುಜ ಕೊಟ್ಟು ಬಾಗಿಲನ್ನು ಬಡಿದೆ.

ಆ ಸದ್ದನ್ನು ಬರೆಯಲಾರೆ. ಬಾಗಿಲು ಎಲುಬಿಗೆ ತಾಗಿ ವಾಪಸು ಬಂತು. ಅವರು ಕೂಗಿದರು. ಕೈ ಎಳೆದುಕೊಳ್ಳಲು ಆಗಲಿಲ್ಲ, ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಸಿಟ್ಟಿನಲ್ಲಿ ಆಯಿತು ಎಂದಾದರೂ ಹೇಳಬಹುದಿತ್ತು. ಆದರೆ ನನ್ನ ತಲೆಯೊಳಗೆ ಒಂದು ಮಾತು ಬಹಳ ತಣ್ಣಗೆ ಬಂತು: ಈ ಕೈ ಹೋದರೆ ಮೇಜು ನನ್ನದು. ಮತ್ತೆ ಬಡಿದೆ.

ಗ್ಲೆನ್ ಓಡಿ ಬಂದ. “ವಾಟ್ ದ ಹೆಲ್ ಹ್ಯಾಪನ್ಡ್?”

“ದ ವಿಂಡ್,” ಎಂದೆ. “ದ ವಿಂಡ್, ದ ಡೋರ್.” ಇಂಗ್ಲಿಷಿನಲ್ಲಿ ಯಾವತ್ತೂ ತಡವರಿಸುವ ನಾನು ಅವತ್ತು ತಡವರಿಸಲಿಲ್ಲ.

ಗಾಳಿ ಅವತ್ತು ಹೊರಗಿನಿಂದ ಒಳಕ್ಕೆ ಬೀಸುತ್ತಿತ್ತು, ಅನಘಾ. ಆ ಬಾಗಿಲನ್ನು ತೆರೆದೇ ಇಡುವ ಗಾಳಿ. ಅದರ ಎದುರಿಗೆ ನಾನು ಮೈಯೆಲ್ಲ ಬಲ ಹಾಕಬೇಕಾಯಿತು. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ.

ಹೌದು, ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ದಾರಿಯುದ್ದಕ್ಕೂ ಅವರು ಕೈಯನ್ನು ನನ್ನ ಜಾಕೆಟ್ಟಿನಲ್ಲಿ ಸುತ್ತಿಕೊಂಡು ಕೂತಿದ್ದರು. ಅಲ್ಲಿ ಹೇಗಾಯಿತು ಎಂದು ಕೇಳಿದಾಗ ನನ್ನನ್ನು ಒಮ್ಮೆ ನೋಡಿ, “ಡೋರ್,” ಎಂದರು. ಅಷ್ಟೇ. ಯಾಕೆ ಹಾಗೆಂದರು ಎಂಬುದು ನನಗೆ ಗೊತ್ತಿಲ್ಲ. ದಯೆ ಎಂದು ಬರೆದರೆ ನನಗೆ ಅನುಕೂಲ, ಅದಕ್ಕೇ ಹಾಗೆ ಬರೆಯುವುದಿಲ್ಲ. ನನ್ನ ಹತ್ತಿರ ಕೆಲಸ ಕಲಿತವನ ಕೈಯಲ್ಲೇ ಪೆಟ್ಟು ತಿಂದೆ ಎಂದು ಹೆಂಡತಿ ಮಗಳ ಮುಂದೆ ಹೇಳುವ ಅವಮಾನವೂ ಇದ್ದಿರಬಹುದು. ಹಾಗಿದ್ದರೆ ಅದೂ ನಾನೇ ಹೊರಿಸಿದ್ದು.

ಅವತ್ತು ಸಂಜೆ ಲೀಲಕ್ಕ ಎಕ್ಸ್‌ರೇ ತೋರಿಸಿದಾಗ ಸುಜಾತಾ ಅದನ್ನು ಬಹಳ ಹೊತ್ತು ನೋಡಿದಳು. ಕಾರಿನಲ್ಲಿ ಬರುವಾಗ ಕೇಳಿದಳು, “ಬಾಗ್ಲು ಒಂದ್ಸಲ ಬಡಿದ್ರೆ ಎರಡು ಸಾಲಲ್ಲಿ ಹೆಂಗ್ರೀ ಮುರಿಯುತ್ತೆ?” ಗಾಳಿ ಜೋರಿತ್ತು ಎಂದೆ. ಅವಳು ನನ್ನ ಕೈ ಹಿಡಿದು ಮಲಗುವುದನ್ನು ಬಿಟ್ಟದ್ದು ಆ ವಾರದಿಂದ.

ಮಾರನೆಯ ದಿನ ಆ ಕ್ಯಾಮೆರಾಗೆ ಹೊಸ ಮುಚ್ಚಳ ಹಾಕಿ ಕಳಿಸಿದೆ. ವರ್ಷದ ಕೊನೆಗೆ ಗ್ಲೆನ್ ಏಳು ವಾಪಸು ಬಂದ ಕ್ಯಾಮೆರಾಗಳನ್ನೂ ಆ ಕೈಯನ್ನೂ ನೋಡಿ ನಿಮ್ಮಪ್ಪನನ್ನು ಬೀಳ್ಕೊಡಲು ಒಂದು ಕೇಕ್ ತರಿಸಿದ. ಮೂವತ್ತು ವರ್ಷ ಕೂತ ಮೇಜಿನಿಂದ ಎದ್ದು ಅವರು ಎಡಗೈಯಲ್ಲಿ ಕೇಕ್ ಕತ್ತರಿಸಿದರು. ನಾನು ತಟ್ಟೆ ಹಿಡಿದುಕೊಂಡಿದ್ದೆ. ಆಮೇಲೆ ನೀವೆಲ್ಲ ವರ್ಜೀನಿಯಾದ ಆಲ್ಡಿ ಊರಿಗೆ ಹೋದಿರಿ.

ಇನ್ನೊಂದಿದೆ. ಸ್ವಲ್ಪ ಕಾಲದ ಮೇಲೆ ಅದೇ ಕಂಪನಿ ಮತ್ತೆ ಫಿಲ್ಮ್ ಕ್ಯಾಮೆರಾ ಹೊರಡಿಸಿತು. ಹರೆಯದವರು ಮುಗಿಬಿದ್ದು ಕೊಂಡರು. ಹಳೆಯ ರೀತಿಯಲ್ಲಿ ಕಣ್ಣಿನಿಂದ ಸರಿಮಾಡುವವರು ಬೇಕು ಎಂದು ಕಂಪನಿಯಿಂದ ಪತ್ರ ಬಂತು. ಗ್ಲೆನ್ ಅದನ್ನು ಹಿಡಿದುಕೊಂಡು ಬಂದು, “ಕಾಲ್ ಶ್ರೀ,” ಎಂದ. ನಾನು ಹೇಳಿದೆ, ಅವರ ಬೆರಳು ಮಡಚುವುದಿಲ್ಲ ಎಂದು. ಗ್ಲೆನ್ ತಲೆ ತಗ್ಗಿಸಿ ಆ ಬಾಗಿಲಿಗೆ ಒಂದು ಕೆಟ್ಟ ಮಾತು ಬೈದು ಹೋದ. ಅಂದಿನಿಂದ ನಿನ್ನೆಯವರೆಗೆ ದಿನಕ್ಕೆ ಹತ್ತು ಸಲ ಆ ಬಾಗಿಲಿನಿಂದ ಹೊರಗೆ ಹೋಗಿ ನೀರಿನ ಟ್ಯಾಂಕು ನೋಡುತ್ತಿದ್ದವನು ನಾನು. ಚೌಕಟ್ಟಿನಲ್ಲಿ ಬಣ್ಣ ಎದ್ದ ಜಾಗ ಹಾಗೇ ಇದೆ.

ಗ್ಲೆನ್‌ಗೆ ಇವತ್ತು ಬೆಳಿಗ್ಗೆ ಎಲ್ಲವನ್ನೂ ಹೇಳಿದೆ. ಅವನು ಅಂಗಡಿಯ ಕೀಲಿ ಕೇಳಿದ, ಕೊಟ್ಟೆ. ಆ ಏಳನೆಯ ಕ್ಯಾಮೆರಾದ ಹಳೆಯ ಮುಚ್ಚಳವನ್ನು ನಾನು ಎಸೆದಿರಲಿಲ್ಲ. ಸುಳ್ಳು ‘ಶ್ರೀ’ ಅದರಲ್ಲಿದೆ, ಸುಳ್ಳಿನ ತಾರೀಖೂ ಇದೆ. ಅದನ್ನು ಕಿಸೆಯಲ್ಲಿಟ್ಟುಕೊಂಡಿದ್ದೇನೆ.

ಈ ಪುಟವನ್ನು ನಿನಗೆ ಕಳಿಸುವುದಿಲ್ಲ. ನಿನಗೆ ಕನ್ನಡ ಓದಲು ಬಾರದು, ಅಪ್ಪನ ಕೈಯಲ್ಲಿ ಓದಿಸುತ್ತೀ. ಅವರು ಎಡಗೈಯಲ್ಲಿ ಹಾಳೆ ಹಿಡಿದು, ಮೊದಲ ಸಾಲು ನೋಡಿ, ಗಂಟಲು ಸರಿಮಾಡಿಕೊಂಡು, “ಗಾಳಿಗೆ ಬಾಗಿಲು ಬಡೀತು” ಎಂದೇ ಓದುತ್ತಾರೆ. ಅದಕ್ಕೆ ಶನಿವಾರ ನಾನೇ ಆಲ್ಡಿಗೆ ಡ್ರೈವ್ ಮಾಡಿಕೊಂಡು ಬಂದು, ನಿನ್ನ ಮುಂದೆ, ಲೀಲಕ್ಕನ ಮುಂದೆ, ಇದನ್ನು ಪೂರ್ತಿ ಓದುತ್ತೇನೆ. ಎರಡು ಸಲ ಎಂಬುದನ್ನೂ ಓದುತ್ತೇನೆ.

ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಬಿಟ್ಟದ್ದು. ತೆಗೆಯದಿದ್ದರೆ ಹೊರಗೆ ನಿಂತು ಓದುತ್ತೇನೆ.