ಹಿತ್ತಲಿನ ಗಡಿಕಲ್ಲು

ಮರಾಠಿ ಸೀಮೆಯ ಕೊಂಢವಾ ಎಂಬಲ್ಲಿನ ಒಂದು ಹಳ್ಳದ ಗಡಿ ಗುರುತಿಸಿ, ದಂಡೆಗೆ ಗಿಡ ನೆಡಲು ವಿದೇಶದಿಂದ ನೆರವು ಬಂದಿತ್ತು. ಅಳೆಯುವ ಸರ್ವೇಯರ್ ನಾನು. ಕೆಲಸ ನೋಡಲು ಜರ್ಮನಿಯಿಂದ ಮೇಡಂ ಒಬ್ಬರು ಬಂದ ದಿನವೇ ನಮ್ಮ ಜಿಪಿಎಸ್ ಯಂತ್ರ ಹಳ್ಳದ ಗಡಿಯನ್ನು ಒಬ್ಬ ಅಜ್ಜಿಯ ಅಡುಗೆಮನೆಯ ನಟ್ಟನಡುವೆ ತೋರಿಸಿತು. ಅಂದರೆ ಅರ್ಧ ಮನೆ ಹೋಗಬೇಕು.

ಅದನ್ನು ಹೇಗೆ ಹೇಳಲಿ ಎಂದು ಮರಾಠಿಯಲ್ಲಿ ತಡವರಿಸುತ್ತಿದ್ದೆ. ನನ್ನ ಮರಾಠಿ ಕೇಳಿ ಅಜ್ಜಿ ನಕ್ಕಳು. “ವಿಜಾಪುರ ಕಡಿಯಾಂವ ಏನೋ ತಮ್ಮಾ? ಕನ್ನಡದಾಗ ಹೇಳು.”

ಹೇಳಿದೆ.

“ನಿನ್ನ ಡಬ್ಬಿಗೇನ್ ಗೊತ್ತು? ಸರಕಾರದ ಕಲ್ಲು ಹಿತ್ತಲದಾಗ ಅದ, ಬಾ.”

ಹಿತ್ತಲಲ್ಲಿ ಹಾಸಿದ್ದ ಗೋಣಿಚೀಲ ಸರಿಸಿದಳು. ನೆಲದಲ್ಲಿ ಹೂತಿದ್ದ ಗಡಿಕಲ್ಲಿನ ಮೇಲೆ ನಂಬರು ಸ್ಪಷ್ಟವಾಗಿತ್ತು. ನಕ್ಷೆ ತೆಗೆದು ನೋಡಿದೆ. ಬೆಳಗ್ಗೆ ನಾನೇ ಯಂತ್ರಕ್ಕೆ ಬೇರೆ ಕಲ್ಲಿನ ನಂಬರು ಕೊಟ್ಟಿದ್ದೆ! ಮತ್ತೆ ಅಳೆದಾಗ ಗಡಿ ಹಿತ್ತಲಿಗೆ ಸರಿಯಿತು, ಮನೆ ಉಳಿಯಿತು.

“ತಪ್ಪು ನಂದ, ಆಯಿ,” ಅಂದೆ.

“ಇರ್ಲಿ ಬಿಡು. ಆಕಿ ಚಹಾ ಕುಡೀತಾಳೇನು ಕೇಳು.”

ಮೇಡಂ ಎರಡು ಕಪ್ ಕುಡಿದರು. ವರದಿಯಲ್ಲಿ ‘ಸ್ಥಳೀಯ ತಜ್ಞರ ನೆರವಿನಿಂದ ದೋಷ ಸರಿಪಡಿಸಲಾಯಿತು’ ಎಂದು ಬರೆದರು. ಆ ತಜ್ಞ ನಾನೇ ಅಂದುಕೊಂಡು ಆಫೀಸಿನಲ್ಲಿ ಎಲ್ಲರೂ ಕೈಕುಲುಕಿದರು. ನಾನೂ ಬೇಡ ಅನ್ನಲಿಲ್ಲ.