ಅಕ್ಕನ ಓಟವನ್ನು ಅಳೆಯದ ಬೆಳಗು

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ತಮ್ಮ ಬೆಳಗಿನ ಹೊತ್ತು ಅಕ್ಕನಿಗೆ ಕೋಚ್ ಆಗುತ್ತಿದ್ದ. ಕೋಚ್ ಅಂದರೆ ದೊಡ್ಡ ಮಾತಾಯಿತು. ಸ್ಟಾಪ್‌ವಾಚ್ ಹಿಡಿದು ನಿಲ್ಲುವುದಷ್ಟೇ ಅವನ ಕೆಲಸ. ತಾನೇ ನೂರು ಹೆಜ್ಜೆ ಓಡಿದರೆ ಮೂರು ದಿನ ಕುಂಟುವ ಆಸಾಮಿ ಅವನು.

ಎಂಟುನೂರು ಮೀಟರ್ ಓಡುವ ಅಕ್ಕನಿಗೆ ಕ್ರೀಡಾ ಸಂಸ್ಥೆಯಿಂದ ಪತ್ರ ಬಂದಿತ್ತು. ಅವಳ ಮೈಯಲ್ಲಿ ತಾನಾಗಿಯೇ ಹುಟ್ಟುವ ಗಂಡು ಹಾರ್ಮೋನು ಹೆಂಗಸರಿಗೆ ಇಟ್ಟ ಮಿತಿಗಿಂತ ಹೆಚ್ಚಿದೆಯಂತೆ. ಮಾತ್ರೆ ನುಂಗಿ ಅದನ್ನು ಇಳಿಸಿಕೊಳ್ಳಬೇಕು, ಇಲ್ಲವೇ ಹೆಂಗಸರ ಓಟದಿಂದ ಹೊರಗುಳಿಯಬೇಕು. ಉತ್ತರ ಬರೆಯಲು ಇವತ್ತೇ ಕೊನೆಯ ದಿನ.

ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ಹಬೆಯಂತೆ ಮೈದಾನದಲ್ಲಿ ಮಂಜು ಎದ್ದಿತ್ತು. ಅಕ್ಕ ಅದರೊಳಗೆ ಕರಗಿಹೋದಳು, ಆಚೆ ತಿರುವಿನಲ್ಲಿ ಮೆಲ್ಲಗೆ ಮೂಡಿದಳು. ಕಾಲು ನೆಲಕ್ಕೆ ತಾಕುವ ಸದ್ದೂ ಇಲ್ಲ. ತಮ್ಮ ಬಾಯಿ ಬಿಟ್ಟುಕೊಂಡು ನಿಂತೇ ಇದ್ದ.

"ಎಷ್ಟಾಯ್ತೋ?" ಎರಡು ಸುತ್ತು ಮುಗಿಸಿ ಅಕ್ಕ ಕೇಳಿದಳು.

ವಾಚಿನಲ್ಲಿ ಸೊನ್ನೆಗಳು ಸಾಲಾಗಿ ಕೂತಿದ್ದವು. "ಅಕ್ಕಾ... ಒತ್ತೋದೇ ಮರ್ತೆ."

"ಮಂಗ! ಇರೋದೊಂದು ಕೆಲಸ, ಅದೂ ಆಗಲ್ವಾ ನಿಂಗೆ?" ಬೈಯುತ್ತಲೇ ಅವಳಿಗೆ ನಗು ಬಂತು. ನಗುತ್ತಾ ಹುಲ್ಲಿನ ಮೇಲೆ ಕುಸಿದಳು. "ರಕ್ತ ಅಳೆದ್ರು, ಮೈಯೆಲ್ಲ ಅಳೆದ್ರು. ಯಾರೂ ಅಳೀದೆ ಹೀಗೆ ಓಡಿ ಎಷ್ಟು ದಿನ ಆಗಿತ್ತೋ!"

"ಉತ್ತರ ಏನು ಬರೀತೀಯ?"

"ಮಾತ್ರೆ ನುಂಗಲ್ಲ ಅಂತ. ಅವರು ಸೇರಿಸ್ಕೊಳ್ದಿದ್ರೆ ಇಲ್ಲೇ ಓಡ್ತೀನಿ." ಅವಳು ಎದ್ದು ಹುಲ್ಲು ಕೊಡವಿಕೊಂಡಳು. "ಇನ್ನೊಂದು ಸುತ್ತು. ವಾಚು ಜೇಬಿಗೆ ಹಾಕು."

ಹಾಕಿದ. ಕೋಚ್ ಆದಮೇಲೆ ಅವನು ತಪ್ಪಿಲ್ಲದೆ ಮಾಡಿದ ಮೊದಲ ಕೆಲಸ ಅದು.