ಎಡಗನ್ನಡಿಯಲ್ಲಿ ಇಲ್ಲದವನು

ಡ್ರೈವರಣ್ಣನ ಬಲಗೈ ಮೊಣಕೈಯಿಂದ ಕೆಳಗೆ ಬೇರೆ ಯಾರದೋ ಕೈಯನ್ನು ತಂದು ಜೋಡಿಸಿದಷ್ಟು ಕಪ್ಪಾಗಿತ್ತು. ಎಡಗೈ ಹುಟ್ಟಿದ ಬಣ್ಣದಲ್ಲೇ ಉಳಿದಿತ್ತು. ಇಪ್ಪತ್ತೆಂಟು ವರ್ಷ ಖಾಸಗಿ ಬಸ್ಸಿನ ಕಿಟಕಿಯ ಮೇಲಿಟ್ಟು ಬಿಸಿಲಿಗೆ ಬೆಂದದ್ದು ಬಲಗೈ. ಹೀಗೆ ಬರೆದ ಮೇಲೆ ಅನುಮಾನ ಬರುತ್ತದೆ. ಬಲಗೈಯೇ ಎಂದು ನನಗೆ ನಿಜಕ್ಕೂ ನೆನಪಿದೆಯೋ, ಅಥವಾ ಸ್ಟೇರಿಂಗ್ ಬಲಕ್ಕಿರುವುದರಿಂದ ಬಲಗೈಯೇ ಇರಬೇಕೆಂದು ಈಗ ಊಹಿಸುತ್ತಿದ್ದೇನೋ? ನೆನಪು ಇಂಡಿಕೇಟರ್ ಹಾಕದೆ ತಿರುಗುತ್ತದೆ.

ಅವರು ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯವರು. ಸ್ಟೇರಿಂಗ್ ಬಿಟ್ಟು ವರ್ಷಗಳಾಗಿದ್ದರೂ ಬೀದಿಗೆಲ್ಲ ಡ್ರೈವರಣ್ಣ. ನಾನು ತಿ. ನರಸೀಪುರದ ಶಾಲೆಯೊಂದರಲ್ಲಿ ಮೇಷ್ಟ್ರು. ದಿನವೂ ಬೈಕಿನಲ್ಲಿ ಹೋಗಿ ಬರುತ್ತಿದ್ದೆ. ಸಂಜೆ ಗೇಟಿನ ಸದ್ದು ಕೇಳುವವರೆಗೆ ನನ್ನ ಹೆಂಡತಿ ಅನ್ನಕ್ಕೆ ಇಡುತ್ತಿರಲಿಲ್ಲ.

ಒಂದು ಸಂಜೆ ಪ್ಯಾಂಟು ಹರಿದು, ಮಂಡಿ ತರಚಿಕೊಂಡು ಬಂದೆ. ಹುರುಳಿಯ ಕಾಲ. ಓಡಾಡುವ ಗಾಡಿಗಳ ಚಕ್ರಗಳೇ ಒಕ್ಕಣೆ ಮಾಡಲಿ ಎಂದು ರೈತರು ಹುರುಳಿ ಗಿಡಗಳನ್ನು ಕಿತ್ತು ತಂದು ಟಾರು ರಸ್ತೆಯ ಮೇಲೆ ಹರಡಿದ್ದರು. ಹಿಂದಿನಿಂದ ಕಾರೊಂದು ಹಾರ್ನ್ ಒತ್ತಿ ಹಿಡಿದೇ ಬಂತು. ನಾನು ಅಂಚಿಗೆ ಸರಿದೆ. ಅದು ಇನ್ನಷ್ಟು ಒತ್ತಿತು. ಹುರುಳಿಯ ಮೇಲೆ ಚಕ್ರ ಜಾರಿತು. ಕಾರು ನಿಲ್ಲಲಿಲ್ಲ.

ಡ್ರೈವರಣ್ಣ ನೋವಾಯಿತೇ ಎಂದು ಕೇಳಲಿಲ್ಲ.

"ರೋಡ್ನ ನಡೂಕಿದ್ರೋ, ಅಂಚಲ್ಲಿದ್ರೋ?"

"ಅಂಚಲ್ಲೇ ಇದ್ದೆ. ದಾರಿ ಬಿಟ್ಟೆ."

"ಅದ್ಕೇ ಬಿದ್ರಿ. ಅಂಚ್ಗೆ ಸರ್ದೋನ್ನ ಇನ್ನೂ ಅಂಚ್ಗೇ ತಳ್ತಾರೆ. ನೀವು ಬುಟ್ಟಷ್ಟು ಜಾಗಾನೂ ಅವ್ರದೇ ಕಣ್ ಮೇಷ್ಟ್ರೇ."

ಆ ಭಾನುವಾರ ಅವರು ನನ್ನನ್ನು ಖಾಲಿ ಸೈಟೊಂದಕ್ಕೆ ಕರೆದುಕೊಂಡು ಹೋದರು. ಅವರ ಹಳೆಯ ಬಸ್ಸು ಅಲ್ಲಿ ನಿಂತಿತ್ತು. ನನ್ನನ್ನು ಡ್ರೈವರ್ ಸೀಟಿಗೆ ಹತ್ತಿಸಿ, ನನ್ನ ಬೈಕನ್ನು ತಾವು ತಳ್ಳಿಕೊಂಡು ಬಸ್ಸಿನ ಹಿಂದಕ್ಕೆ ಹೋದರು.

"ಎಡಗನ್ನಡೀಲಿ ಕಾಣ್ತೀನಾ?"

"ಕಾಣ್ತೀರಿ."

"ಈಗ?"

ಕನ್ನಡಿಯಲ್ಲಿ ಕಾಂಪೌಂಡ್ ಗೋಡೆಯಿತ್ತು, ಒಂದು ಹೊಂಗೆ ಮರವಿತ್ತು. ಅವರಿರಲಿಲ್ಲ. "ಇಲ್ಲ" ಎಂದೆ. ಮುಂದಿನ ಬಾಗಿಲ ಬುಡದಲ್ಲೇ ಬಸ್ಸಿನ ತಗಡಿಗೆ ಅಂಗೈ ಧಬ್ಬೆಂದು ಬಡಿಯಿತು.

"ನಾನು ಸತ್ತು ಎಲ್ಡು ನಿಮ್ಸ ಆಯ್ತು ಮೇಷ್ಟ್ರೇ. ಇಳೀರಿ."

ಆಮೇಲೆ ಒಂದು ತಿಂಗಳು, ಅಥವಾ ಹದಿನೈದೇ ದಿನವೋ, ಅವರು ನನ್ನ ಬೈಕಿನ ಹಿಂದಿನ ಸೀಟಿನಲ್ಲಿ ಕೂತು ನರಸೀಪುರದವರೆಗೆ ಬಂದರು. ಅಲ್ಲಿ ಚಾ ಕುಡಿದು ಬಸ್ಸಿನಲ್ಲಿ ಹಿಂದಿರುಗುತ್ತಿದ್ದರು. ದಾರಿಯುದ್ದಕ್ಕೂ ನನ್ನ ಭುಜದ ಮೇಲೊಂದು ಕೈ, ಮತ್ತು ಕಂಡಕ್ಟರನ ಎರಡು ಕೂಗು: ನಿಧಾನಿಸಬೇಕಾದಲ್ಲಿ "ಓಲ್ಡಾನ್", ಮುಂದೆ ಹೋಗಬಹುದಾದಲ್ಲಿ "ರೈಟ್".

"ಡ್ರೈವರ್ ಮಕ ನೋಡ್ಬ್ಯಾಡಿ, ಮುಂದ್ಲ ಚಕ್ರ ನೋಡಿ. ನಿಮ್ಮನ್ನ ನೋಡ್ತಾನೇ ನಿಮ್ಮ ಮ್ಯಾಕೆ ಅತ್ಸೋರವ್ರೆ."

ಇನ್ನೊಂದು ದಿನ: "ಆರ್ನ್ ಒಡೆಯೋನು ನಿಮ್ಮ ನೋಡವ್ನೆ. ಒಡೀದೆ ಬತ್ತಾನಲ್ಲ, ಅವನ್ಗೆ ಎದ್ರುಕೊಳ್ಳಿ."

ಚಾ ಅಂಗಡಿಯವನು ಕಿಚಾಯಿಸುತ್ತಿದ್ದ. "ಏನಣ್ಣೋ, ಡ್ರೈವರಾಗಿದ್ದೋನು ಕಂಡಕ್ಟರ್ ಆಗ್ಬುಟ್ಯಾ?"

"ಈ ಮೇಷ್ಟ್ರು ಟಿಕೆಟ್ ತಗಂಡಿಲ್ಲ ಕಣ್ಲಾ. ಅದ್ಕೇ ಇಂದೆ ಕುಂತಿವ್ನಿ."

ಒಂದು ಬೆಳಿಗ್ಗೆ ಕಾರೊಂದು ನಮ್ಮನ್ನು ಸವರಿಕೊಂಡೇ ದಾಟಿ, ಬೇಕೆಂದೇ ಮುಂದೆ ಅಡ್ಡ ಬಂದು, ಮತ್ತೆ ವೇಗ ಹೆಚ್ಚಿಸಿ ಹೋಯಿತು. ನನ್ನ ತಲೆ ಕೆಟ್ಟಿತು. ಅಟ್ಟಿಸಿಕೊಂಡು ಹೋದೆ. ಭುಜದ ಮೇಲಿನ ಕೈ ಬಿಗಿಯಾಯಿತು.

"ಓಲ್ಡಾನ್! ಓಲ್ಡಾನ್ ಅಂದೆ!"

ನಿಲ್ಲಿಸಿದೆ. "ಅವನನ್ನ ಹಿಡಿದು ನಾಲ್ಕು ಮಾತು ಕೇಳಬೇಕು" ಎಂದೆ.

"ನನ್ನೇ ಕೇಳಿ. ಅದ್ರೊಳ್ಗೆ ಕುಂತಿರೋನು ನಾನೇ ಅನ್ಕಳಿ."

ಆಗ ಹೇಳಿದರು. ಬಸ್ಸು ಓಡಿಸುತ್ತಿದ್ದಾಗಿನ ಮಾತು, ಬನ್ನೂರಿನ ದಾರಿ. ಮುಂದಿನ ಬಸ್ಸನ್ನು ದಾಟಿ, ಅದರ ಪ್ಯಾಸೆಂಜರುಗಳನ್ನು ತಾವು ಹತ್ತಿಸಿಕೊಳ್ಳುವ ಅವಸರ. ಬೈಕಿನವನೊಬ್ಬ ದಾರಿ ಬಿಡಲಿಲ್ಲ.

"ಬುದ್ಧಿ ಕಲುಸ್ತೀನಿ ಅಂತ ಎಡಕ್ಕೊತ್ತುದೆ. ಒಸಿ. ಆಮ್ಯಾಕೆ ಕನ್ನಡಿ ನೋಡ್ತೀನಿ, ಇರ್ನಿಲ್ಲ. ನಿಲ್ಲುಸ್ನಿಲ್ಲ ನಾನು."

"ಬಿದ್ದನಾ?"

"ಬಿದ್ನೋ, ಗದ್ದೆ ದಾರೀಗೆ ತಿರುಕ್ಕಂಡ್ನೋ. ಇಳ್ದು ನೋಡಿದ್ರೆ ಗೊತ್ತಾಗ್ತಿತ್ತು. ಗಾಡಿ ಬಿಡೋಗಂಟ ಆ ಜಾಗ ಬಂದಾಗೆಲ್ಲ ಎಡಗನ್ನಡಿ ನೋಡ್ತಿದ್ದೆ ಮೇಷ್ಟ್ರೇ. ಇವತ್ತಾದ್ರೂ ಬತ್ತಾನಾ ಅಂತ."

ಆ ಬೈಕಿನವನು ನೀಲಿ ಅಂಗಿ ತೊಟ್ಟಿದ್ದ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಡ್ರೈವರಣ್ಣ ಬಣ್ಣದ ಮಾತೇ ಎತ್ತಿರಲಿಲ್ಲ. ನಾನು ಹುರುಳಿಯ ಮೇಲೆ ಬಿದ್ದ ದಿನ ತೊಟ್ಟಿದ್ದು ನೀಲಿ.

ಅವರು ರಸ್ತೆಯಲ್ಲಿ ಸತ್ತಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಸಕ್ಕರೆ ಕಾಯಿಲೆಯಾಗಿ, ಕಿಡ್ನಿ ಕೆಟ್ಟು, ಮನೆಯ ಹಾಸಿಗೆಯಲ್ಲೇ ಸತ್ತರು. ಅಸ್ಥಿಯನ್ನು ನರಸೀಪುರದ ಸಂಗಮದಲ್ಲಿ ಬಿಡಬೇಕೆಂದರು ಮನೆಯವರು. ನಾನು ಭಾವಮೈದುನನ ಕಾರು ತಂದು, ಅವರ ಮಗನನ್ನು ಕರೆದುಕೊಂಡು ಹೊರಟೆ. ಮಗ ಹಿಂದಿನ ಸೀಟಿನಲ್ಲಿ ಅಸ್ಥಿಯ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೊತ್ತು ಮೀರಿತ್ತು. ಹೊಳೆಯ ದಡದಲ್ಲಿ ಕಾಯುತ್ತಿದ್ದ ಪುರೋಹಿತರು ಎರಡು ಸಲ ಫೋನ್ ಮಾಡಿದ್ದರು.

ಮುಂದೆ ಹುಲ್ಲಿನ ಹೊರೆ ಕಟ್ಟಿದ ಬೈಕೊಂದು ನಡುರಸ್ತೆಯಲ್ಲೇ ಹೋಗುತ್ತಿತ್ತು. ಹಾರ್ನ್ ಹೊಡೆದೆ. ಸರಿಯಲಿಲ್ಲ. ಮತ್ತೆ ಹೊಡೆದೆ, ಒತ್ತಿ ಹಿಡಿದೆ. ಏನವನ ಕೊಬ್ಬು ಅನ್ನಿಸಿತು. ಬಲದಿಂದ ನುಗ್ಗಿ ದಾಟಿ, ಎಡಕ್ಕೆ ಬಂದೆ. ಎಷ್ಟು ಹತ್ತಿರಕ್ಕೆ ಬಂದೆನೋ, ಬೇಕೆಂದೇ ಬಂದೆನೋ, ಇಲ್ಲಿ ಸುಳ್ಳು ಬರೆಯುವ ಆಸೆಯಾಗುತ್ತಿದೆ. ಬೇಕೆಂದೇ ಬಂದೆ. ಆಮೇಲೆ ಎಡಗನ್ನಡಿ ನೋಡಿದೆ.

ಇರಲಿಲ್ಲ.

ಬ್ರೇಕ್ ಹಾಕಿ, ಇಳಿದು, ಹಿಂದಕ್ಕೆ ಓಡಿದೆ. ಗದ್ದೆಗೆ ಇಳಿಯುವ ಮಣ್ಣಿನ ದಾರಿಯಲ್ಲಿ ಆತ ಬೈಕು ನಿಲ್ಲಿಸಿಕೊಂಡು, ಸಡಿಲವಾದ ಹೊರೆಯ ಹಗ್ಗ ಬಿಗಿಯುತ್ತಿದ್ದ.

"ಏನ್ ಸಾ, ಓಡ್ಬತ್ತಾ ಇದ್ದೀರಿ? ಸಾಯ್ಸಕಾಗ್ನಿಲ್ಲ ಅಂತ ವಾಪಸ್ ಬಂದ್ರಾ?"

"ಬಿದ್ದಿರೇನೋ ಅಂತ..."

"ಬಿದ್ದಿದ್ರೆ ಏನ್ ಕಿಸೀತಿದ್ರಿ? ಕಾರೈತೆ ಅಂತ ರೋಡೆಲ್ಲ ನಿಮ್ಮಪ್ಪಂದಾ?"

ಬೈಗುಳ ಇನ್ನೂ ಇತ್ತು. ಒಂದು ಮಾತೂ ಬಿಡದೆ ಕೇಳಿಸಿಕೊಂಡೆ. ತಪ್ಪಾಯಿತು ಎಂದೆ. ಅಂಗಿಯ ಬಣ್ಣವನ್ನು ಈ ಸಲ ಸರಿಯಾಗಿ ನೋಡಿಕೊಂಡೆ: ಮಾಸಲು ಹಳದಿ.

ಕಾರಿಗೆ ಹಿಂದಿರುಗಿದಾಗ ಮಗ ಮಡಕೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದ.

"ಯಾರ್ ಸಾ ಅದು?"

"ಗೊತ್ತಿಲ್ಲ. ಬಿದ್ದಿಲ್ಲ" ಎಂದೆ, ಮಡಕೆಗೂ ಕೇಳಿಸುವಷ್ಟು ಗಟ್ಟಿಯಾಗಿ.